ಮಡಚುವ ಭಾವ

ನಿವೃತ್ತ ಇಂಜಿನಿಯರುಗಳಲ್ಲಿ ಒಂದು ಜಾತಿಯಿದೆ. ಅವರ ಕಣ್ಣಿಗೆ ಬಿದ್ದದ್ದೆಲ್ಲ ಮಡಚಬೇಕು. ಕುಂದಾಪುರದ ನಮ್ಮ ಭಾವ ಈ ಜಾತಿಯ ಅಪ್ಪಟ ತಳಿ. ಅವರ ಮನೆಯಲ್ಲಿ ಊಟದ ಮೇಜು ಗೋಡೆಗೆ ಮಡಚುತ್ತದೆ, ಇಸ್ತ್ರಿ ಹಲಗೆ ಬಾಗಿಲಿಗೆ ಮಡಚುತ್ತದೆ. ನೆಂಟರು ಯಾವುದಕ್ಕೂ ಒರಗದೆ ನಿಲ್ಲುವುದನ್ನು ಕಲಿತಿದ್ದಾರೆ. ಕಿವಿಯ ಮೇಲೆ ಪೆನ್ಸಿಲು, ಜೇಬಲ್ಲಿ ಟೇಪು. ನಮಸ್ಕಾರ ಎಂದವರ ಸೊಂಟವನ್ನು ಕಣ್ಣಲ್ಲೇ ಅಳೆದುಬಿಡುತ್ತಾರೆ.

ಹಳೆಯ ಫೈಬರ್ ದೋಣಿಯೊಂದು ಸಿಕ್ಕಿದ ಮೇಲೆ ಅದಕ್ಕೊಂದು ಮಡಚುವ ಸೀಟು ಬೇಕಾಯಿತು. ಬಿಜಾಗರಿ ತರಲು ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವರು ಸ್ಟೀಲಿಗೆ ಅಯಸ್ಕಾಂತ ಹಿಡಿದು, "ನೋಡಿ, ಹಿಡೀಲಿಲ್ಲ, ಒಳ್ಳೆ ಮಾಲು" ಎಂದರು. ಮುಗಿಯಿತು. 304 ದರ್ಜೆಯ ಸ್ಟೀಲಾಗಲಿ 316 ಆಗಲಿ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರನ್ನು ತಡೆಯುವುದು ಅದೇ ಎಂಬ ಭಾವನ ಪಾಠ ಶುರುವಾಯಿತು. ಗಿರಾಕಿಗಳು ಚದುರಿದರು. ಅಂಗಡಿಯವರು ನನ್ನ ಮುಖ ನೋಡಿದರು. ನಾನು ಮೊಳೆಗಳನ್ನು ನೋಡಿದೆ.

ಮರೈನ್ ಪ್ಲೈವುಡ್ಡಿನ ಸೀಟು ಸಿದ್ಧವಾಯಿತು, ಎತ್ತರ 45 ಸೆಂಟಿಮೀಟರ್. ಕುರ್ಚಿಗೆ ಅದು ಸರಿ, ಸಣ್ಣ ದೋಣಿಗಲ್ಲ; ಕೂತವರ ಭಾರ ಮೇಲೇರಿದಷ್ಟೂ ದೋಣಿ ಓಲಾಡುತ್ತದೆ. ಇದು ಭಾವನಿಗೆ ಗೊತ್ತಿಲ್ಲದ್ದೇನಲ್ಲ. ಪಂಚಗಂಗಾವಳಿ ಹೊಳೆಯ ನಡುವೆ "ಏನೂ ಆತಿಲ್ಲೆ, ಕೂಕೊ ಮಾರಾಯ" ಎಂದು ಕೂರಿಸಿದರು. ಬಂದರಿನ ಕಡೆ ಹೊರಟ ಮೀನಿನ ಬೋಟಿನ ತೆರೆ ತಾಗಿತು, ಕೊಂಡಿ ಕಳಚಿತು, ಸೀಟು ನಕ್ಷೆಯಲ್ಲಿದ್ದಂತೆಯೇ ಪಕ್ಕಕ್ಕೆ ಮಲಗಿತು. ನಾನು ದೋಣಿಯ ತಳದಲ್ಲಿ, ಪಂಚೆಯ ಚುಂಗು ಬಿಜಾಗರಿಯ ಬಾಯಲ್ಲಿ. ಭಾವ ಹುಟ್ಟು ಬಿಟ್ಟು ಬಗ್ಗಿ ನೋಡಿ, "ಮಡಚೂದ್ ಮಾತ್ರ ಲಾಯ್ಕ್ ಆಯ್ತ್" ಎಂದರು.

30ಕ್ಕೆ ಇಳಿಸಿ ಎಂದೆ. ಸುಮ್ಮನಾದರು. ಮಾತು ನಿಲ್ಲಿಸುವ ಮನುಷ್ಯ ಅವರಲ್ಲ. ಆಮೇಲೆ ಹೊಳೆಯಿತು: ಅಕ್ಕನ ಮಂಡಿ. ತಗ್ಗಿನಲ್ಲಿ ಕೂತರೆ ಅವಳಿಗೆ ಏಳಲಾಗದು. ಹೊಳೆಯಾಚೆ ಕಾಣುವ ಗಂಗೊಳ್ಳಿ ಅವಳ ತವರು; ಮೊದಲೆಲ್ಲ ದೋಣಿಯಲ್ಲಿ ಬರುತ್ತಿದ್ದವಳು ಈಗ ತ್ರಾಸಿ ಸುತ್ತಿ ಕಾರಿನಲ್ಲಿ ಬರುತ್ತಾಳೆ. ಆ 45 ಅವಳ ಅಡುಗೆಮನೆಯ ಕುರ್ಚಿಯಿಂದ ತೆಗೆದ ಅಳತೆ. ಅದನ್ನು ಅವಳಿಗಾಗಲಿ ನನಗಾಗಲಿ ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಬಾಯಿಬಿಟ್ಟು ಹೇಳುವುದು ಮಾಲಿಬ್ಡಿನಮ್ ಬಗ್ಗೆ ಮಾತ್ರ.

ಕೊನೆಗೆ ಸೀಟು 30ಕ್ಕಿಳಿಯಿತು, ಏಳುವಾಗ ಹಿಡಿದುಕೊಳ್ಳಲು ಎರಡೂ ಕಡೆ ಸರಳು ಬಂತು. ಅಕ್ಕ ನೋಡಿ, "ನಾ ಬತ್ತಿಲ್ಲೆ, ಕಾರಂಗೇ ಹೋತೆ" ಎಂದಳು.

ಹಾಗಾಗಿ ಸೀಟು ಸದ್ಯಕ್ಕೆ ಖಾಲಿಯಿದೆ. ಕುಂದಾಪುರದ ಕಡೆ ಬರುವವರು ತಿಳಿಸಿ. ಲೈಫ್ ಜಾಕೆಟ್ ಭಾವನೇ ಕೊಡುತ್ತಾರೆ. ಸೊಂಟದ ಅಳತೆ ಮಾತ್ರ ಮುಂಗಡ ಕಳಿಸಬೇಕು.