ರೈಟರ್ ಮಾಮನ ಸ್ವಾಗತ ಸಮಿತಿ

ಮೂಡಿಗೆರೆಯಿಂದ ಕಳಸದವರೆಗೆ ಯಾವ ಇಗರ್ಜಿಗೆ ಹೋದರೂ ರೈಟರ್ ಮಾಮ ಸಿಗುತ್ತಾರೆ. ತೋಟ ಬೇರೆ, ಪಂಗಡ ಬೇರೆ, ಆಸಾಮಿ ಒಬ್ಬರೇ. ಕಥೋಲಿಕರಲ್ಲಿ ಅವರು ವಾಳೆಯ (ವಾರ್ಡಿನ) ಗುರಿಕಾರ, ಸಿಎಸ್‌ಐ ಸಭೆಯಲ್ಲಿ ಸಮಿತಿಯ ಖಜಾಂಚಿ, ತಗಡಿನ ಸೂರಿನ ಪ್ರಾರ್ಥನಾ ಮಂದಿರದಲ್ಲಿ ಹಿರಿಯ ಬ್ರದರ್. ವಾರದ ಆರು ದಿನ ಎಸ್ಟೇಟಿನಲ್ಲಿ ಮಸ್ಟರ್ ಬರೆದು ಕೆಲಸ ಹಂಚುವ ರೈಟರು. ನಿವೃತ್ತರಾದರೂ ಹೆಸರು ಮಾತ್ರ ನಿವೃತ್ತಿಯಾಗದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ರಶೀದಿ ಪುಸ್ತಕ, ಎಡಸಾಲಿನಲ್ಲಿ ಮೂರನೇ ಬೆಂಚು, ಕಿಟಕಿ ಪಕ್ಕದ ಜಾಗ. ಹೊಸ ವಿಶ್ವಾಸಿಗಳನ್ನು ಗುಂಪುಗುಂಪಾಗಿ ಕಳಿಸಿಕೊಡು ಎಂದು ದೇವರಿಗೆ ವರ್ಷಾವರ್ಷ ಅರ್ಜಿ ಹಾಕುವವರಲ್ಲಿ ಅವರೇ ಮೊದಲಿಗರು. ಅರ್ಜಿ ಮಂಜೂರಾಗಿ, ಒಂದು ಅಪರಿಚಿತ ಕುಟುಂಬ ಕೈಗೂಸಿನ ಸಮೇತ ಬಂದು ಆ ಮೂರನೇ ಬೆಂಚಿನಲ್ಲೇ ಕೂತುಬಿಟ್ಟರೆ ಮಾಮ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಪಕ್ಕದಲ್ಲಿ ನಿಂತು ಕನ್ನಡಕ ತೆಗೆದು ಒರೆಸುತ್ತಾರೆ. ಇನ್ನೊಮ್ಮೆ ಒರೆಸುತ್ತಾರೆ. ಕನ್ನಡದ ಒಂದಕ್ಷರ ಬಾರದವರಿಗೂ ಆ ಒರೆಸುವಿಕೆ ಅರ್ಥವಾಗಿ, ಅವರು ಎದ್ದು ಬಾಗಿಲ ಬಳಿಗೆ ಹೋಗುತ್ತಾರೆ.

ಹಾಗಂತ ಮಾಮ ಸಿದ್ಧತೆ ಮಾಡಿಕೊಂಡಿಲ್ಲ ಎಂದರೆ ಅನ್ಯಾಯವಾದೀತು. ಹೊಸಬರು ಬರುತ್ತಾರೆಂಬ ಸುದ್ದಿ ಸಿಕ್ಕರೆ ಸಾಕು, ಸ್ವಾಗತ ಸಮಿತಿ ಹುಟ್ಟುತ್ತದೆ, ಅದಕ್ಕೊಂದು ಉಪಸಮಿತಿ ಹುಟ್ಟುತ್ತದೆ. ಶಾಮಿಯಾನ, ಬಾಡಿಗೆ ಕುರ್ಚಿ, ಎದೆಗೆ ಬ್ಯಾಡ್ಜು, ಫಾದರ್ ಫೋಟೋ ದೊಡ್ಡದೋ ಬಿಷಪರದ್ದು ದೊಡ್ಡದೋ ಎಂಬ ಚರ್ಚೆಯ ನಡುವೆ ಹೇಗೋ ಮುದ್ರಣವಾಗುವ ಬ್ಯಾನರು, ಕೊನೆಗೆ ಬಿರಿಯಾನಿ. ಎಲ್ಲವೂ ಅಚ್ಚುಕಟ್ಟು. ಕೊರತೆ ಇರುವುದು ಮಾರನೇ ದಿನದ ಲೆಕ್ಕದಲ್ಲಿ. ಭಾನುವಾರ ಹಾರ ಹಾಕಿಸಿಕೊಂಡವನು ಸೋಮವಾರ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದಕ್ಕೆ ಉಪಸಮಿತಿಯಿಲ್ಲ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಫೋಟೋ ತೆಗೆಯುವವರು ಪ್ರವಾಸಿಗರು. ಬೆಳೆಗಾರ ಮಾತ್ರ ಹೂವಿನ ನಂತರದ ಬ್ಯಾಕಿಂಗ್ ಮಳೆಗಾಗಿ ಆಕಾಶ ನೋಡುತ್ತಿರುತ್ತಾನೆ. ಅದು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ.

ಇದು ಇಂದಿನ ಸಮಸ್ಯೆಯೇನಲ್ಲ. ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ ಒಂದೇ ದಿನ ಸುಮಾರು 3000 ಮಂದಿ ಸೇರುತ್ತಾರೆ. ಆ ಪುಟವನ್ನು ನಮ್ಮ ಕನ್ವೆನ್ಷನ್ ಭಾಷಣಕಾರರು ಬಿಟ್ಟೂಬಿಡದೆ ಓದುತ್ತಾರೆ. ಆರನೇ ಅಧ್ಯಾಯದವರೆಗೆ ಓದುವವರು ಕಡಿಮೆ. ಅಲ್ಲಿರುವುದು ಊಟದ ಜಗಳ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಮೋಸವಾಗುತ್ತಿದೆ ಎಂಬ ಗೊಣಗಾಟ. ಅಪೊಸ್ತಲರು ಇದಕ್ಕೆ ಶಾಮಿಯಾನ ಹಾಕಿಸಲಿಲ್ಲ. ಹಂಚಿಕೆ ನೋಡಿಕೊಳ್ಳಲು ಏಳು ಜನರನ್ನು ಸಭೆಯವರಿಂದಲೇ ಆರಿಸಿಸಿ ನೇಮಿಸಿದರು. ಏಳರ ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಉಗ್ರಾಣದ ಬೀಗದಕೈ ಕೊಟ್ಟಂತಾಯಿತು. ನಮ್ಮ ಸಮಿತಿಯಲ್ಲಿ ಹೀಗೆ ಯಾರಾದರೂ ಸೂಚಿಸಿದರೆ ಅದನ್ನು 'ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು'. ದೀಕ್ಷಾಸ್ನಾನಕ್ಕೆ ಮುಂಚೆ ಹೊಸಬರಿಗೆ ವರ್ಷಗಟ್ಟಲೆ ಬೋಧನೆ, ಜೊತೆಗೆ ಅವರ ನಡತೆಗೆ ಸಾಕ್ಷಿ ಹೇಳುವ ಒಬ್ಬ ಸಂಗಾತಿ, ಇದು ಆದಿಸಭೆಯ ಕ್ರಮವಾಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ ಆ ಕ್ರಮವನ್ನು ಮತ್ತೆ ಜಾರಿಗೆ ತರಬೇಕೆಂದಿತು; 1972ರಲ್ಲಿ ರೋಮ್ ಅದರ ವಿಧಿಯನ್ನೂ ಪ್ರಕಟಿಸಿತು. ಅಲ್ಲಿಯೂ ಒತ್ತು ಸಂಗಾತಿಯ ಮೇಲೆ. ಬ್ಯಾನರಿನ ಪ್ರಸ್ತಾಪವೇ ಇಲ್ಲ.

ಘಟ್ಟದ ಕೆಳಗಿನ ಉದಾಹರಣೆ ಇನ್ನೂ ಹತ್ತಿರದ್ದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ, ದೀಕ್ಷಾಸ್ನಾನ ಪಡೆದವನು ಅನೇಕ ಸಲ ಅದೇ ದಿನ ಮನೆ, ಕುಲ, ಕಸುಬು ಮೂರನ್ನೂ ಕಳೆದುಕೊಳ್ಳುತ್ತಿದ್ದ. ಪ್ರಸಂಗದಿಂದ ಹೊಟ್ಟೆ ತುಂಬದೆಂದು ಮಿಷನ್ನಿನವರಿಗೆ ಬೇಗ ಗೊತ್ತಾಯಿತು. ಛಾಪಖಾನೆ ಬಂತು, ನೇಯ್ಗೆ ಮಗ್ಗ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. ಮಲೆನಾಡಿನ ಮಳೆಯನ್ನು ಇಂದಿಗೂ ತಡೆಯುತ್ತಿರುವ ಮಂಗಳೂರು ಹೆಂಚಿನ ಚರಿತ್ರೆ ಹೊಸ ವಿಶ್ವಾಸಿಗಳ ಅನ್ನದ ಚಿಂತೆಯಿಂದ ಶುರುವಾದದ್ದು. ಇಲ್ಲಿ ಮಾಮ ಕೈಯೆತ್ತಿ ಆಕ್ಷೇಪಿಸುತ್ತಾರೆ: 'ಹಾಗೆ ಕೊಟ್ಟರೆ ಅಕ್ಕಿಗೋಸ್ಕರ ಬರುವವರೇ ಹೆಚ್ಚಾಗ್ತಾರಲ್ಲ?' ಆಕ್ಷೇಪದಲ್ಲಿ ಹುರುಳಿದೆ. ಸಂಬಳ ಕೊಡುವ ಧಣಿ, ಶಿಸ್ತುಕ್ರಮ ಜರುಗಿಸುವ ಪಾದ್ರಿ ಎರಡೂ ಒಂದೇ ಮಿಷನ್ ಆಗಿದ್ದಾಗ ಸಭೆಯವರ ಬೆನ್ನು ನೆಟ್ಟಗಾಗುವುದು ಕಷ್ಟ. ಆದ್ದರಿಂದ ಕೊಡಬೇಕಾದದ್ದು ದಾನವಲ್ಲ. ಕಸುಬು, ಕಾಗದಪತ್ರ, ಪರಿಚಯ ಇವುಗಳಿದ್ದರೆ ಮನುಷ್ಯ ತನ್ನ ಕಾಲ ಮೇಲೆ ನಿಂತು, ಬೇಕಾದರೆ ಸಭೆ ಬಿಟ್ಟುಹೋಗುವ ಸ್ವಾತಂತ್ರ್ಯವನ್ನೂ ಉಳಿಸಿಕೊಳ್ಳುತ್ತಾನೆ. ಅಕ್ಕಿಗೆ ಬಂದವರು ಯಾರು ಎಂದು ಶೋಧಿಸಲು ಹೊರಟರೆ, ಬಿರಿಯಾನಿ ದಿನದ ಹಾಜರಿಯಿಂದಲೇ ಶುರುಮಾಡಬೇಕಾದೀತು, ಅದು ಮಾಮನಿಗೂ ಬೇಡ.

ಅಷ್ಟಕ್ಕೂ ಈ ಬೆಟ್ಟಗಳ ಇಗರ್ಜಿಗಳಲ್ಲಿ ಹಳಬರು ಯಾರು? ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಕಾಡು ಕಡಿಸಿ ತೋಟ ಹಬ್ಬಿಸಿದ ಮೇಲೆ ಕರಾವಳಿಯಿಂದ ಕೊಂಕಣಿ ಕ್ರೈಸ್ತರು ಘಟ್ಟ ಹತ್ತಿದರು, ತಮಿಳರು ಬಂದರು, ನರಸಿಂಹರಾಜಪುರದ ಕಡೆಗೆ ಕೇರಳದ ಸಿರಿಯನ್ ಕ್ರೈಸ್ತರು ಬಂದು ನೆಲೆನಿಂತರು. ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೇ 1963ರಲ್ಲಿ. ಮಾಮನ ಅಜ್ಜನೂ ಒಂದು ದಿನ ಟ್ರಂಕು ಹೊತ್ತು, ಯಾರದೋ ಬೆಂಚಿನ ತುದಿಯಲ್ಲಿ ಸಂಕೋಚದಿಂದ ಕೂತವನೇ ಇರಬೇಕು. ಈಗ ಕೊಯ್ಲಿನ ಕಾಲಕ್ಕೆ ಬರುವವರು ಅಸ್ಸಾಂ, ಜಾರ್ಖಂಡ್, ಬಂಗಾಳದವರು. ಅವರಲ್ಲಿ ಯಾರಾದರೂ ಪ್ರಾರ್ಥನೆಗೆ ಬಂದರೆ ಮಾಮ ಮಮತೆಯಿಂದ ಕೈಗಿಡುವುದು 'ಯೇಸು ಯಾರು?' ಎಂಬ ಎಂಟು ಪುಟದ ಕಿರುಪುಸ್ತಕ. ಆದರೆ ಜಾರ್ಖಂಡಿನ ರಾಂಚಿಗೆ ಗಾಸ್ನರ್ ಮಿಷನ್ ಬಂದದ್ದು 1845ರಲ್ಲೇ. 1885ರ ನಂತರ ಯೇಸುಸಭೆಯ ಕಾನ್‌ಸ್ಟಂಟ್ ಲೀವೆನ್ಸ್ ಎಂಬ ಪಾದ್ರಿ ಮುಂಡಾ ರೈತರ ಜಮೀನು ವ್ಯಾಜ್ಯಗಳಿಗೆ ಕಾನೂನು ಕಲಿತು ನೆರವಾದಾಗ ಸಾವಿರಾರು ಜನ ಸಭೆ ಸೇರಿದರು. ಅಲ್ಲಿನ ಸಿಮ್‌ಡೇಗಾ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನ ಕ್ರೈಸ್ತರೇ. ಹೀಗಾಗಿ ಕಿರುಪುಸ್ತಕ ಪಡೆದವನ ಮುತ್ತಜ್ಜನೇ ಉಪದೇಶಿಯಾಗಿದ್ದಿರಲೂ ಸಾಕು. ಹೊಸಬ ಎಂದರೆ ಏನೂ ತಿಳಿಯದವ ಎಂಬ ಮಾಮನ ಲೆಕ್ಕ ಇಲ್ಲಿ ಕೈಕೊಡುತ್ತದೆ.

ವಿಚಿತ್ರವೆಂದರೆ ಹೊಸಬರನ್ನು ಬರಮಾಡಿಕೊಳ್ಳುವ ವಿದ್ಯೆಯಲ್ಲಿ ಇಡೀ ತಾಲ್ಲೂಕಿನಲ್ಲಿ ಮಾಮನನ್ನು ಮೀರಿಸುವವರಿಲ್ಲ. ನವೆಂಬರ್ ಬಂತೆಂದರೆ ಮೇಸ್ತ್ರಿ ಕರೆತಂದ ಲೋಡುಗಟ್ಟಲೆ ಜನರನ್ನು ಒಂದೇ ಸಂಜೆಯಲ್ಲಿ ಲೈನ್ ಮನೆಗಳಿಗೆ ಹಂಚುತ್ತಾರೆ. ಯಾವ ಮನೆಯ ಹೆಂಚು ಸೋರುತ್ತದೆ, ಯಾರಿಗೆ ಕಂಬಳಿಯಿಲ್ಲ, ಯಾವ ಹೆಂಗಸಿಗೆ ದಿನ ತುಂಬಿದೆ, ಅಂಗಡಿಯಲ್ಲಿ ಯಾರ ಹೆಸರಿಗೆ ಅಡ್ವಾನ್ಸ್ ರೇಷನ್ ಬರೆಸಬೇಕು, ಎಲ್ಲ ಬಾಯಿಪಾಠ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ತೋಟದ ಮಾಲೀಕರ ಮೇಲೆ ಹೊರಿಸಿದ್ದ ಮನೆ, ನೀರು, ಔಷಧ, ಶಿಶುಪಾಲನೆಯ ಪಟ್ಟಿಯನ್ನು ಇನ್‌ಸ್ಪೆಕ್ಟರ್ ಕೇಳಿದ ಕೂಡಲೇ ಒಪ್ಪಿಸಬಲ್ಲರು. ಹಳೇ ಆಳೊಬ್ಬನ ಜೊತೆ ಹೊಸ ಆಳನ್ನು ಸಾಲಿಗೆ ಬಿಟ್ಟರೆ ಮಾತ್ರ ಹಣ್ಣು ಕೊಯ್ಯುವುದನ್ನು ಕಲಿಯುತ್ತಾನೆ, ಒಬ್ಬನನ್ನೇ ಬಿಟ್ಟರೆ ಗಿಡದ ರೆಕ್ಕೆ (ಕೊಂಬೆ) ಮುರಿಯುತ್ತಾನೆ ಎಂಬುದು ಅವರ ಅನುಭವದ ಮಾತು. ರೋಮಿನ ವಿಧಿ ಹೇಳುವ ಸಂಗಾತಿಯೂ ಇದಕ್ಕಿಂತ ಬೇರೆಯಲ್ಲ. ಶನಿವಾರ ಸಂಜೆಯವರೆಗೆ ಇಷ್ಟೆಲ್ಲ ಗೊತ್ತಿರುವ ಮನುಷ್ಯ ಭಾನುವಾರ ಬಿಳಿ ಅಂಗಿ ತೊಟ್ಟ ಕೂಡಲೇ ಎಲ್ಲ ಮರೆತು ಬ್ಯಾಡ್ಜಿನ ಬಣ್ಣ ವಿಚಾರಿಸುತ್ತಾನೆ. ನನ್ನ ವಾದವೆಲ್ಲ ಇಷ್ಟೇ: ಸಭೆಗಳು ಹೊರಗಿನಿಂದ ತಜ್ಞರನ್ನು ಕರೆಸಿ ತರಬೇತಿ ಶಿಬಿರ ನಡೆಸುವ ಮುಂಚೆ ಮಾಮನ ಮಸ್ಟರ್ ಪುಸ್ತಕವನ್ನು ಇಗರ್ಜಿಯೊಳಗೆ ಬಿಟ್ಟುಕೊಳ್ಳಲಿ.

'ಕಾಲ ಸರಿಯಿಲ್ಲ, ಈಗ ಇದೆಲ್ಲ ಮಾತಾಡೋದೇ ಅಪಾಯ' ಎಂಬುದು ಇನ್ನೊಂದು ಆಕ್ಷೇಪ, ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. 2008ರ ಸೆಪ್ಟೆಂಬರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲಾದ ದಾಳಿಗಳನ್ನು ಕರಾವಳಿಯವರೂ ಮಲೆನಾಡಿನವರೂ ಮರೆತಿಲ್ಲ. ರಾಜ್ಯದ 2022ರ ಕಾಯಿದೆ ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದರ ರದ್ದತಿಗೆ ತೀರ್ಮಾನಿಸಿದರೂ ಸಂಶಯ ಹೋಗಿಲ್ಲ. ಆದರೆ ನಿಧಾನವಾದ ಸಿದ್ಧತೆ ಇಂಥ ಕಾಲದಲ್ಲೇ ಹೆಚ್ಚು ಬೇಕು. ಆಮಿಷದ ಆರೋಪಕ್ಕೆ ವಸ್ತುವಾಗುವುದು ಹಾರ, ಫೋಟೋ, ತಲೆಯೆಣಿಕೆಗಳೇ ಹೊರತು ವರ್ಷವಿಡೀ ಕೂತು ಕಲಿಸುವ ಪಾಠವಲ್ಲ. ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಕಳೆದುಕೊಳ್ಳುತ್ತಾನೆ. ಮಗಳ ಕಾಲೇಜು ಸೀಟು, ಮಗನ ನೌಕರಿ ಎಲ್ಲ ಅದರ ಮೇಲೆ ನಿಂತಿರುತ್ತವೆ. ಇದನ್ನು ಮೊದಲ ತಿಂಗಳೇ ಕೂರಿಸಿ ಹೇಳದ ಸಭೆ ಸ್ವಾಗತಿಸುತ್ತಿಲ್ಲ, ಮರೆಮಾಚುತ್ತಿದೆ. ಕೇಳಿ ಯೋಚಿಸಿ ಅವನು ಬೇಡವೆಂದರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸಿದರಾಯಿತು.

ಭಾಷೆಯ ತಕರಾರೂ ಉಂಟು. ಹಿಂದಿಯಲ್ಲೋ ಜಾರ್ಖಂಡಿನವರ ಸಾದ್ರಿಯಲ್ಲೋ ಒಂದು ಹಾಡಾದರೆ ನಮ್ಮ ಕೊಂಕಣಿಯ ಗತಿಯೇನು ಎಂದು ಮಾಮ ಕೇಳುತ್ತಾರೆ. ಇದೇ ಪ್ರಶ್ನೆಯನ್ನು ಕನ್ನಡ ಪೂಜೆ ಬಂದಾಗಲೂ ಕೇಳಲಾಗಿತ್ತು. ಕೊಂಕಣಿ ಕ್ವಾಯರ್ ಇವತ್ತಿಗೂ ಮೈಕು ಬಿಟ್ಟುಕೊಟ್ಟಿಲ್ಲ.

ಹೆಚ್ಚು ಕಠಿಣವಾದದ್ದು ವೇಳೆಯ ಪ್ರಶ್ನೆ. ಹಣ್ಣು ಒಟ್ಟಿಗೆ ಕೆಂಪಾದಾಗ ಭಾನುವಾರವೂ ಕೊಯ್ಲು ನಡೆಯುತ್ತದೆ, ಬೆಳಗಿನ ಆರಾಧನೆಗೆ ಆಳು ಬರುವಂತಿಲ್ಲ, ಬರದಂತೆ ಕೆಲಸ ಹಂಚಿದವರೂ ಮಾಮನೇ. ಸಂಜೆಗೆ ಇಡೋಣವೆಂದರೆ 'ಆನೆ ಉಂಟಲ್ಲ ಮಾರಾಯ್ರೇ' ಎನ್ನುತ್ತಾರೆ. ಮೂಡಿಗೆರೆ ಸೀಮೆಯಲ್ಲಿ ಈ ಮಾತಿಗೆ ಯಾವ ದೇವಶಾಸ್ತ್ರಜ್ಞನಲ್ಲೂ ಉತ್ತರವಿಲ್ಲ. ಉತ್ತರವಿರುವುದು ಎಸ್ಟೇಟಿನ ಪಿಕಪ್ ಗಾಡಿಯಲ್ಲಿ: ವಾರವೆಲ್ಲ ಆಳುಗಳನ್ನು ಹೊತ್ತು ತಿರುಗುವ ಗಾಡಿ ಭಾನುವಾರ ಸಂಜೆ ಶೆಡ್ಡಿನಲ್ಲಿ ನಿಂತಿರುತ್ತದೆ, ಬೀಗದಕೈ ಮಾಮನ ಜೇಬಿನಲ್ಲಿ. ಈ ವಿಷಯವನ್ನು ಸಮಿತಿಯ ಕಾರ್ಯಸೂಚಿಯಲ್ಲಿ ಸೇರಿಸಿದ್ದಾರಂತೆ. ಏಳನೆಯದು, ಶಾಮಿಯಾನದ ಬಾಕಿ ಬಿಲ್ಲಿನ ನಂತರ.