ವಾಟರ್ ಪಂಪೂ ಓಣಿ ಮಂದಿಯೂ

ಯಾದಗಿರಿಯ ಮೇ ಬಿಸಿಲಿಗೆ ಮಂದಿಯೇ ಕುದಿಯುವಾಗ ಹಳೆಯ ಅಂಬಾಸಿಡರ್ ಸುಮ್ಮನಿರುತ್ತದೆಯೇ? ವಾಟರ್ ಪಂಪಿನ ಅಡಿಯಲ್ಲೊಂದು ಸಣ್ಣ ತೂತು. ಒಳಗಿನ ಸೀಲು ಸವೆದರೆ ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ. ಅದಕ್ಕೆ ಎಂ-ಸೀಲ್ ಮೆತ್ತಿ ಕೈತೊಳೆದುಕೊಳ್ಳುವ ಜಾಣರೂ ಇದ್ದಾರೆನ್ನಿ. ಪಂಪನ್ನೇ ಬದಲಿಸೋಣವೆಂದು ಮನೆ ಮುಂದೆ ಬಾನೆಟ್ ಎತ್ತಿದರೆ ಸಾಕು, ಓಣಿಯ ಪಂಡಿತರು ಚಾ ಕಪ್ಪು ಹಿಡಿದೇ ಬರುತ್ತಾರೆ. ರೇಡಿಯೇಟರ್ ನೀರು ಬಸಿದು, ಬೆಲ್ಟು, ಫ್ಯಾನು ಬಿಚ್ಚಿ, ತುಕ್ಕು ಹಿಡಿದ ಬೋಲ್ಟಿಗೆ ಪಾನಾ ಹಾಕುವಷ್ಟರಲ್ಲಿ, "ಕಾಕಾ, ಉಲ್ಟಾ ತಿರುವ್ಲಿಕತ್ತೀರಲ್ರಿ!" ಈ ಜಿಲ್ಲೆಯಲ್ಲಿ ಸಲಹೆ ಕೊಡದವನೆಂದರೆ ಶಹಾಪುರದ ಗುಡ್ಡದ ಆಕಾರದಲ್ಲಿ ಮಲಗಿದ ಬುದ್ಧನೊಬ್ಬನೇ. ಹಳೆ ಗ್ಯಾಸ್ಕೆಟ್ ಒಂಚೂರೂ ಉಳಿಯದಂತೆ ಕೆರೆದು, ಹೊಸ ಪಂಪು ಕೂರಿಸಿ ತಲೆಯೆತ್ತಿದರೆ ಪಂಡಿತರೆಲ್ಲ ಹಿಂದಿನ ಸೀಟಿನಲ್ಲಿದ್ದರು. "ನಡೀರಿ ಕಾಕಾ, ಸುರಪುರದ ಏರು ಹತ್ತಿಸಿ ನೋಡೋಣ್ರಿ."