ಅಶೋಕನೂ ನಮ್ಮಾಕಿಯೂ

ಗಂಡ ಹೆಂಡತಿ ಕೂಡಿ ಮ್ಯೂಸಿಯಂ ನೋಡುವುದಕ್ಕೆ ಬೇರೆಯೇ ತಾಳ್ಮೆ ಬೇಕು. ಅದು ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ. ರಾಯಚೂರು ಸೀಮೆಯವರಿಗೆ ಮೊದಲಿನಿಂದಲೂ ದೊಡ್ಡ ಊರೆಂದರೆ ಹೈದರಾಬಾದು, ಬೆಂಗಳೂರು ಆಮೇಲೆ. ಹಾಗಾಗಿ ನಮ್ಮ ಮ್ಯೂಸಿಯಂ ಯಾತ್ರೆ ಸಾಲಾರ್ ಜಂಗ್‌ನಿಂದಲೇ ಸುರುವಾಯಿತು. ನಾನು ಒಂದೊಂದು ಗಾಜಿನ ಪೆಟ್ಟಿಗೆಯ ಮುಂದೂ ನಿಂತು ಚೀಟಿ ಓದುವವ. ನಮ್ಮಾಕಿಗೆ ಚೀಟಿ ಬೇಡ, ಮಾತಿಗೆ ಜನ ಬೇಕು. ಅಲ್ಲೊಂದು ಹೆಸರಾದ ಗಡಿಯಾರವಿದೆ. ತಾಸು ಬಡಿಯುವ ಹೊತ್ತಿಗೆ ಸಣ್ಣ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ, ಅದನ್ನು ನೋಡಲು ಜನ ಜಮಾಯಿಸುತ್ತಾರೆ. ನಾನು ಮುಸುಕಿನ ರೆಬೆಕಾಳ ಅಮೃತಶಿಲೆಯ ಸೆರಗು ನೋಡಿ ಬರುವಷ್ಟರಲ್ಲಿ, ಆಕಿ ಗಡಿಯಾರದ ಮುಂದೆ ಕೂತು ಬೀದರಿನ ಒಂದು ಮನೆಯ ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿದುಕೊಂಡಿದ್ದಳು. ಹೊರಗೆ ಬಂದ ಮೇಲೆ ಆಕಿಯ ಷರಾ: “ಎಲ್ಲಾ ಛಲೋ ಅದಾವ್ರಿ. ಆದ್ರ ಒಂದನ್ನೂ ಯಾರೂ ಬಳಸಂಗಿಲ್ಲ.”

ಆ ಷರಾದ ಪ್ರಭಾವವೋ, ಪೆನ್ಶನ್ನಿನ ಪ್ರಭಾವವೋ, ಈಗ ನಮ್ಮ ತಿರುಗಾಟವೆಲ್ಲ ಸಿಂಧನೂರು, ಮಸ್ಕಿ, ಲಿಂಗಸುಗೂರಿನೊಳಗೇ.

ಸಿಂಧನೂರು ಬಿಟ್ಟರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ರೈಸ್‌ಮಿಲ್ಲು, ಮತ್ತೆ ಭತ್ತ. ಆಮೇಲೆ ಮಸ್ಕಿಯ ಗುಡ್ಡ. ಊರಿಗಿಳಿದು ಒಗ್ಗರಣಿ-ಮಿರ್ಚಿ ತಿನ್ನದೆ ಅಶೋಕನ ಶಾಸನದ ದರ್ಶನಕ್ಕೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ತಿಂದು, ಸೆರಗಿಗೆ ಕೈ ಒರೆಸಿಕೊಂಡು, ನಮ್ಮಾಕಿ ಬಂಡೆಗಳ ನಡುವೆ ಕಾಲಿಟ್ಟಳು. ನಾನು ಪಾಠ ಸುರು ಮಾಡಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿ ಮುಗಿಸಿದ್ದ. ಆದರೆ ಶಾಸನಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ದೊರೆ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಸರೆಯಿಂದ ಹೇಳಬೇಕಾಗಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಇಲ್ಲಿ ಅಲೆಯುತ್ತಿದ್ದಾಗ ಈ ಬಂಡೆ ಕಣ್ಣಿಗೆ ಬಿತ್ತು. ಅದರಲ್ಲಿ ಅಶೋಕನ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ನಿಜಾಮರ ಪುರಾತತ್ವ ಮಾಲೆಯ ಮೊದಲ ಪುಸ್ತಕವೇ ನಮ್ಮ ಮಸ್ಕಿಯದು.

ಎಲ್ಲ ಕೇಳಿಸಿಕೊಂಡು ನಮ್ಮಾಕಿ ಕೇಳಿದ್ದು ಒಂದೇ: “ಚಿನ್ನ ಸಿಕ್ತೇನ್ರಿ ಅವಗ?”

ಚಿನ್ನ ಇರುವುದು ಹಟ್ಟಿಯಲ್ಲಿ, ಇಲ್ಲೇ ಲಿಂಗಸುಗೂರು ತಾಲ್ಲೂಕಿನಲ್ಲಿ, ಇಂದಿಗೂ ತೆಗೆಯುತ್ತಿದ್ದಾರೆ ಎಂದೆ. “ಹಂಗಾದ್ರ ಅಲ್ಲಿಗೇ ಹೋಗಬೇಕಿತ್ತು” ಎಂದು ಬಂಡೆಯ ನೆರಳಿಗೆ ಕೂತಳು. ಬಿಡಲಿಲ್ಲ ನಾನು. ಮುಂದೆ ಇದೇ ಹೆಸರು ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಸಿಕ್ಕಿತು. ಕೊನೆಯ ಎರಡೂ ಸಿಂಧನೂರಿನಿಂದ ಹೊಳೆ ದಾಟಿದರೆ ಸಿರುಗುಪ್ಪ ಸೀಮೆಯವು. ಅಂದರೆ ಪಾಟಲೀಪುತ್ರದ ದೊರೆ ಬಿರುದು ಬದಿಗಿಟ್ಟು ತನ್ನ ಹೆಸರು ಹೇಳಿಕೊಂಡದ್ದು ಹೆಚ್ಚಾಗಿ ನಮ್ಮ ಜನರ ಮುಂದೆಯೇ. ಈ ಹೆಮ್ಮೆಗೂ ಆಕಿ ಕರಗಲಿಲ್ಲ. “ಏನು ಬರದಾನ, ಅದನ್ನ ಹೇಳ್ರಿ.” ಬುದ್ಧನ ಕಡೆಯವನಾಗಿ ಎರಡೂವರೆ ವರ್ಷ ದಾಟಿತು, ಧರ್ಮದ ಫಲ ದೊಡ್ಡವರಿಗೇ ಮೀಸಲು ಎನ್ನಬೇಡಿ, ಸಣ್ಣವರಿಗೂ ಸಿಗುತ್ತದೆ, ಹೀಗೆ ಅದರ ತಾತ್ಪರ್ಯ ಎಂದೆ. “ಮಾತು ಖರೆ ಐತಿ. ಆದ್ರ ಇಲ್ಲಿ ಗುಡ್ಡದಾಗ ಬರದ್ರ ಸಣ್ಣವರು ಬಂದು ಓದೋದು ಹ್ಯಾಂಗ?” ಇಂಥ ಪ್ರಶ್ನೆ ಯಾವ ಪ್ರಾಧ್ಯಾಪಕರೂ ಕೇಳಿದ್ದು ನಾನು ಕಾಣೆ.

ಅಷ್ಟರಲ್ಲಿ ಕಾಯಿ, ಊದಿನಕಡ್ಡಿ ಹಿಡಿದು ಗುಡ್ಡದ ಮಲ್ಲಯ್ಯನ ದರ್ಶನಕ್ಕೆ ಹೊರಟ ಅಜ್ಜಿಯೊಬ್ಬಳು ಸಿಕ್ಕಳು. ನಮ್ಮಾಕಿ ನನ್ನನ್ನು ಅಶೋಕನ ಹತ್ತಿರ ಬಿಟ್ಟು ಅಜ್ಜಿಯ ಬೆನ್ನು ಹತ್ತಿದಳು.

ಲಿಂಗಸುಗೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ದಂಡು ಇದ್ದ ಊರು, 1905ರವರೆಗೆ ಜಿಲ್ಲೆ. ಆ ಗತ್ತು ಈಗ ಚಹಾದ ರೇಟಿನಲ್ಲಿ ಮಾತ್ರ ಉಳಿದಿದೆ. ಅಲ್ಲಿಂದ ಮುಂದೆ ಮುದಗಲ್ಲು. ಅಲ್ಲಿಗೆ ಹೋದರೆ ನಾವಿಬ್ಬರೂ ಜಗಳವಾಡುವುದಿಲ್ಲ, ಇಬ್ಬರಿಗೂ ಬೇಕಾದದ್ದು ಅಲ್ಲಿದೆ. ನನಗೆ ಕೋಟೆ, ಕಂದಕ. ಅಕ್ಕಸಾಲಿಗನ ಮಗಳೊಬ್ಬಳ ಚೆಲುವಿಗೆ ಮನಸೋತ ವಿಜಯನಗರದ ದೇವರಾಯ, ಅದರಿಂದ 1406ರಲ್ಲಿ ಬಹಮನಿ ಫಿರೋಜ್ ಶಾಹನೊಡನೆ ನಡೆದ ಯುದ್ಧ, ಇದು ಫೆರಿಸ್ತಾ ಹೇಳುವ ಕತೆ. ಊರಲ್ಲಿ ಜೆಸುಯಿಟ್ ಪಾದ್ರಿಗಳ ಕಾಲದ, ಹದಿನಾರನೇ ಶತಮಾನದ್ದೆನ್ನುವ ಚರ್ಚೂ ಇದೆ. ಆದಿಲ್‌ಶಾಹಿ ಸೀಮೆಯಲ್ಲಿ ಬೇರೂರಿದ ಕ್ರೈಸ್ತರು ಇಂದಿಗೂ ಅಲ್ಲಿದ್ದಾರೆ.

ನಮ್ಮಾಕಿಗೆ ಮುದಗಲ್ಲೆಂದರೆ ಮೊಹರಂ. ಹುಸೇನಿ ಆಲಂ ದೇವರು ಕೂತರೆ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿಗೇ. ಅಲಾಯಿ ಕುಣಿಯಲ್ಲಿ ಬೆಂಕಿ, ಅದರ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುವ ಹುಡುಗರು, ಹರಕೆ ಹೊತ್ತು ಫಕೀರರಾದ ಮಕ್ಕಳು. ಕುಣಿಯುವವರಲ್ಲಿ ಹಣೆಗೆ ವಿಭೂತಿ ಹಚ್ಚಿದವರೇ ಸಾಕಷ್ಟು. ಆಕಿ ಪೇಪರಿನ ಪೊಟ್ಟಣದಲ್ಲಿ ಸಕ್ಕರೆ ಒಯ್ದು ಮುಜಾವರರ ಕೈಗೆ ಕೊಟ್ಟಳು. ಅವರು ಮನೆಯವರೆಲ್ಲರ ಹೆಸರು ಕೇಳಿ, ಓದಿಕೆ ಮಾಡಿ, ಅರ್ಧ ತೆಗೆದಿಟ್ಟುಕೊಂಡು ಅರ್ಧ ಮರಳಿಸಿದರು. ಆಕಿ ಆ ಸಕ್ಕರೆಗೆ ಇರುವೆ ಹತ್ತದಂತೆ ಪೊಟ್ಟಣವನ್ನು ಎರಡು ಸುತ್ತು ಮಡಿಚಿ, ಬಳೆಯ ಚೀಲದೊಳಗೆ ತಾಳಿಸರದ ಡಬ್ಬಿಯ ಪಕ್ಕದಲ್ಲಿಟ್ಟಳು. ಮರುದಿನ ಮನೆಯಲ್ಲಿ ಎಲ್ಲರಿಗೂ ಚಿಟಿಕೆ ಚಿಟಿಕೆ. ನನಗೆ ಸಕ್ಕರೆ ಕಾಯಿಲೆ ಎಂದರೂ ಬಿಡಲಿಲ್ಲ, “ಇದು ಲೆಕ್ಕಕ್ಕ ಬರಂಗಿಲ್ರಿ” ಎಂದಳು. ಡಾಕ್ಟರಿಗೆ ನಾನು ಹೇಳಿಲ್ಲ.

ಇನ್ನು ನಮ್ಮ ಸಿಂಧನೂರಿನದು ನವರಾತ್ರಿಯ ವೈಭವ. ಸೋಮಲಾಪುರದ ಅಂಬಾಮಠ ಚಿದಾನಂದಾವಧೂತರ ಜಾಗ. ಅವರ ದೇವಿಪುರಾಣವನ್ನು ಆ ಒಂಬತ್ತು ದಿನ ಈ ಕಡೆಯ ಹಳ್ಳಿಹಳ್ಳಿಯಲ್ಲಿ ಓದುತ್ತಾರೆ. ಅದೇ ದಿನಗಳಲ್ಲಿ ಅದೇ ತಾಲ್ಲೂಕಿನ ಆರ್‌ಎಚ್ ಕ್ಯಾಂಪುಗಳಲ್ಲಿ ಬಂಗಾಳಿ ಕುಟುಂಬಗಳ ದುರ್ಗಾಪೂಜೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರನ್ನು ಸರ್ಕಾರ ಇಲ್ಲಿ ನೆಲೆಗೊಳಿಸಿತು. ಅವರ ಮೊಮ್ಮಕ್ಕಳು ಈಗ ನನಗಿಂತ ಖಡಕ್ಕಾಗಿ ರಾಯಚೂರು ಕನ್ನಡ ಮಾತಾಡುತ್ತಾರೆ. ನಾನು ದೇವಿಯ ಮಣ್ಣಿನ ಮೂರ್ತಿಯ ಮುಂದೆ ನಿಂತು ಮಹಿಷನ ಮೀಸೆ ನೋಡುತ್ತಿದ್ದೆ. ನಮ್ಮಾಕಿ ಕೆಂಪಂಚಿನ ಬಿಳಿ ಸೀರೆಯ ಹೆಣ್ಣುಮಗಳೊಬ್ಬಳಿಂದ ಮೀನಿನ ಸಾರಿಗೆ ಸಾಸಿವೆ ಅರೆಯುವ ಕ್ರಮ ಕಲಿಯುತ್ತಿದ್ದಳು. ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಮತ್ಯಾಕೆ ಕಲಿತೆ ಎಂದರೆ, “ನೀವು ಬ್ರಾಹ್ಮಿ ಕಲ್ತು ಯಾರಿಗೆ ಪತ್ರ ಬರದ್ರಿ?”

ಹೋಗುವ ಮನಸ್ಸಿದ್ದವರಿಗೆ ಎರಡು ಮಾತು. ಮಸ್ಕಿಗೆ ಏಪ್ರಿಲ್, ಮೇ ಬಿಟ್ಟು ಬನ್ನಿ, ಬಂದರೂ ಬೆಳಿಗ್ಗೆ ಬೇಗ, ಬಂಡೆ ಹತ್ತು ಗಂಟೆಗೇ ಕಾಯುತ್ತದೆ. ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಮುದಗಲ್ಲಿಗೆ ಹೊರಡುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಗಂಡಸರು ಒಬ್ಬರೇ ಬರಬೇಡಿ, ಹೆಂಡತಿಯನ್ನು ಕರೆತನ್ನಿ. ಈ ಸೀಮೆಯಲ್ಲಿ ಯಾವುದಕ್ಕೂ ಚೀಟಿ ಅಂಟಿಸಿಲ್ಲ, ಕೇಳಿ ತಿಳಿಯಬೇಕು, ಕೇಳಲು ನಮಗೆ ನಾಚಿಕೆ.